ಬೊಗಳಿದರೆ ಪಾಠ ಬಂದ್: ಅಮೆರಿಕದ ಕಾಲೇಜು ಮ್ಯಾಸ್ಕಾಟ್‌ಗಳ ಕುರಿತು ಓದುಗರ ಪ್ರಶ್ನೆಗಳು

ಅಮೆರಿಕದ ಕಾಲೇಜು ಕ್ರೀಡಾ ತಂಡಗಳ ಮ್ಯಾಸ್ಕಾಟ್‌ಗಳ (ತಂಡದ ಗುರುತಾಗಿ ಮೆರೆಸುವ ಪ್ರಾಣಿ ಅಥವಾ ವೇಷಗಳ) ಬಗ್ಗೆ, ಅಲ್ಲಿನ ವಿದ್ಯಾರ್ಥಿಗಳ ವಿಚಿತ್ರ ಸಂಪ್ರದಾಯಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮೊಮ್ಮಗ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಅಲ್ಲಿ ನಾಯಿಯೊಂದು ತರಗತಿಗೆ ಬಂದು ಕೂರುತ್ತದೆಂದೂ ಅದು ಬೊಗಳಿದರೆ ಪ್ರಾಧ್ಯಾಪಕರು ಪಾಠ ನಿಲ್ಲಿಸಬೇಕೆಂದೂ ಹೇಳುತ್ತಾನೆ. ಅಜ್ಜನ ಕಿವಿಗೆ ಹೂ ಇಡುತ್ತಿದ್ದಾನೆಯೇ?

ಉತ್ತರ: ಇಲ್ಲ, ಈ ವಿಷಯದಲ್ಲಿ ನಿಮ್ಮ ಮೊಮ್ಮಗನನ್ನು ನಂಬಬಹುದು. ಆ ನಾಯಿಯ ಹೆಸರು ರೆವೆಲಿ. ಅದನ್ನು ನೋಡಿಕೊಳ್ಳುವ ಕೆಡೆಟ್ ವಿದ್ಯಾರ್ಥಿ ತಾನು ಹೋಗುವ ತರಗತಿಗಳಿಗೆಲ್ಲ ಅದನ್ನೂ ಕರೆದುಕೊಂಡು ಹೋಗುತ್ತಾನೆ, ಮತ್ತು ಪಾಠದ ನಡುವೆ ಅದು ಬೊಗಳಿದರೆ ತರಗತಿ ಮುಗಿಯಿತೆಂಬುದು ಅಲ್ಲಿನ ಬಹುಕಾಲದ ಸಂಪ್ರದಾಯ. ಇದು ನಿಯಮಾವಳಿಯ ಪುಸ್ತಕದಲ್ಲಿರುವ ಕಾನೂನಲ್ಲವಾದ್ದರಿಂದ ಪ್ರತಿ ಬೊಗಳಿಕೆಗೂ ರಜೆ ಸಿಗುತ್ತದೆಂದು ತಿಳಿಯಬೇಕಾಗಿಲ್ಲ.

ಈ ನಾಯಿಯ ಕಥೆ 1931ರಲ್ಲಿ ಶುರುವಾಗುತ್ತದೆ. ರಾತ್ರಿ ಕಾರಿನಲ್ಲಿ ಮರಳುತ್ತಿದ್ದ ಕೆಲವು ಕೆಡೆಟ್‌ಗಳ ವಾಹನಕ್ಕೆ ಬೀದಿನಾಯಿಯೊಂದು ಸಿಕ್ಕಿ ಗಾಯಗೊಂಡಿತು. ಹಾಸ್ಟೆಲಿನಲ್ಲಿ ಪ್ರಾಣಿಗಳನ್ನು ಇಟ್ಟುಕೊಳ್ಳುವಂತಿರಲಿಲ್ಲವಾದರೂ ಅವರು ಅದನ್ನು ಕದ್ದುಮುಚ್ಚಿ ಕೋಣೆಗೆ ತಂದು ಆರೈಕೆ ಮಾಡಿದರು. ಮರುದಿನ ಬೆಳಗ್ಗೆ ಎಲ್ಲರನ್ನೂ ಎಬ್ಬಿಸುವ ಸೇನಾ ಕಹಳೆ ಮೊಳಗಿದಾಗ ನಾಯಿಯೂ ಬೊಗಳಿತು, ಗುಟ್ಟು ರಟ್ಟಾಯಿತು, ಆ ಕಹಳೆಯ ಹೆಸರೇ ನಾಯಿಗೂ ಬಂತು. ಆ ಮೊದಲ ರೆವೆಲಿ ಯಾವ ತಳಿಯದೆಂದು ಹೇಳಲಾಗದ ಬೆರಕೆ ನಾಯಿ. ಈಗ ಇರುವವು ಉದ್ದ ಕೂದಲಿನ ಕೋಲಿ ತಳಿಯವು. ವಿಶ್ವವಿದ್ಯಾಲಯದ ಕೆಡೆಟ್ ದಳದಲ್ಲಿ ಎಲ್ಲರಿಗಿಂತ ಮೇಲಿನ ಪದವಿ ರೆವೆಲಿಯದೇ. ದಳದ ವಿದ್ಯಾರ್ಥಿ ನಾಯಕನಿಗೆ ನಾಲ್ಕು ವಜ್ರಚಿಹ್ನೆಗಳಾದರೆ ರೆವೆಲಿಯ ಹೊದಿಕೆಯ ಮೇಲೆ ಐದು ಇರುತ್ತವೆ. ಹಿರಿಯ ಅಧಿಕಾರಿಯನ್ನು ಮಾತನಾಡಿಸುವಂತೆ ಕಿರಿಯ ಕೆಡೆಟ್‌ಗಳು ಅದನ್ನು ‘ಮಿಸ್ ರೆವ್, ಮ್ಯಾಮ್’ ಎಂದೇ ಕರೆಯಬೇಕು. ಅದು ಯಾವುದಾದರೂ ಕೆಡೆಟ್‌ನ ಹಾಸಿಗೆಯ ಮೇಲೆ ಮಲಗಿದರೆ ಆ ರಾತ್ರಿ ಅವನಿಗೆ ನೆಲವೇ ಗತಿ.

ಸತ್ತ ರೆವೆಲಿಗಳನ್ನು ಕೈಲ್ ಫೀಲ್ಡ್ ಕ್ರೀಡಾಂಗಣದ ಉತ್ತರ ದಿಕ್ಕಿನಲ್ಲಿ ಹೂಳುತ್ತಾರೆ. ತಮ್ಮ ತಂಡದ ಅಂಕಗಳು ಅವುಗಳಿಗೆ ಕಾಣುತ್ತಿರಬೇಕೆಂಬ ಭಾವನೆಯಿಂದ ಸಮಾಧಿಗಳನ್ನು ಸ್ಕೋರ್‌ಬೋರ್ಡಿಗೆ ಮುಖಮಾಡಿ ಕಟ್ಟಲಾಗಿತ್ತು. ಮುಂದೆ ಕ್ರೀಡಾಂಗಣವನ್ನು ವಿಸ್ತರಿಸಿದಾಗ ಹೊಸ ಗೋಡೆ ಅಡ್ಡ ಬಂದಿತೆಂದು ಸಮಾಧಿಗಳಿಗೆಂದೇ ಹೊರಗೆ ಚಿಕ್ಕದೊಂದು ಸ್ಕೋರ್‌ಬೋರ್ಡ್ ಹಾಕಿಸಿದರು. ನಗುವವರು ನಗಬಹುದು; ಆದರೆ ಇಂಥ ಹುಚ್ಚಿನಲ್ಲೂ ಎಷ್ಟೊಂದು ಶ್ರದ್ಧೆಯಿದೆ ಎಂಬುದನ್ನು ಗಮನಿಸದೆ ಇರಲಾಗದು.

ಪ್ರಶ್ನೆ: ಕಾಲೇಜಿಗೂ ಪ್ರಾಣಿಗೂ ಎತ್ತಣ ಸಂಬಂಧ? ಇದು ಎಂದಿನಿಂದ ಬಂತು?

ಉತ್ತರ: ಜೀವಂತ ಪ್ರಾಣಿಯನ್ನು ಕಾಲೇಜು ತಂಡದ ಮ್ಯಾಸ್ಕಾಟ್ ಆಗಿ ಮೆರೆಸಿದ ಮೊದಲಿಗರೆಂದು ಸಾಮಾನ್ಯವಾಗಿ ಯೇಲ್ ವಿಶ್ವವಿದ್ಯಾಲಯದವರನ್ನು ಹೆಸರಿಸುತ್ತಾರೆ. 1889ರಲ್ಲಿ ಅಲ್ಲಿನ ವಿದ್ಯಾರ್ಥಿಯೊಬ್ಬ ಕಮ್ಮಾರನೊಬ್ಬನಿಂದ ಬುಲ್‌ಡಾಗ್ ನಾಯಿಯೊಂದನ್ನು ಕೊಂಡು ತಂದ. ಮೋರೆಯ ಸುಕ್ಕುಗಳ ಲೇವಡಿಯೋ ಏನೋ, ಅದಕ್ಕೆ ‘ಹ್ಯಾಂಡ್‌ಸಮ್ ಡ್ಯಾನ್’ ಎಂಬ ಹೆಸರಾಯಿತು. ಪಂದ್ಯಕ್ಕೆ ಮುನ್ನ ಅದನ್ನು ಮೈದಾನದ ಸುತ್ತ ನಡೆಸುತ್ತಿದ್ದರು. ಅದರ ಉತ್ತರಾಧಿಕಾರಿಗಳು ಇಂದಿಗೂ ಅದೇ ಹೆಸರಿನಲ್ಲಿ ಮುಂದುವರಿದಿವೆ. ಮೊದಲ ಡ್ಯಾನ್‌ನ ಚರ್ಮಕ್ಕೆ ಹುಲ್ಲು ತುಂಬಿ ಅಲ್ಲಿನ ವ್ಯಾಯಾಮ ಮಂದಿರದ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದ್ದಾರೆ.

ಆದರೆ ಪ್ರಾಣಿಯೇ ಆಗಬೇಕೆಂದಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ತಂಡಕ್ಕೆ ‘ಬಾಯ್ಲರ್‌ಮೇಕರ್ಸ್’ ಎಂಬ ಹೆಸರು ಬಂದದ್ದು ಬೈಗುಳದಿಂದ. 1891ರಲ್ಲಿ ಸೋತ ಎದುರಾಳಿ ಊರಿನ ಪತ್ರಿಕೆ ಇವರು ವಿದ್ಯಾರ್ಥಿಗಳಲ್ಲ, ಬಾಯ್ಲರ್ ಬಡಿಯುವ ಒಡ್ಡರು ಎಂಬ ಧಾಟಿಯಲ್ಲಿ ಬರೆಯಿತು. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗರಿಗೆ ಅದೇ ಇಷ್ಟವಾಗಿ ಅದನ್ನೇ ಬಿರುದಾಗಿ ಧರಿಸಿದರು. ಡ್ಯೂಕ್ ವಿಶ್ವವಿದ್ಯಾಲಯದ ‘ನೀಲಿ ದೆವ್ವ’ ಮೊದಲ ಮಹಾಯುದ್ಧದ ಫ್ರೆಂಚ್ ಪರ್ವತ ಸೈನಿಕರ ಅಡ್ಡಹೆಸರಿನಿಂದ ಬಂತು. ನಾರ್ತ್ ಕೆರೊಲಿನಾದವರು 1924ರಲ್ಲಿ ಟಗರನ್ನು ತರಿಸಿಕೊಂಡದ್ದಕ್ಕೆ ಕಾರಣ, ಅದಕ್ಕೂ ಮುಂಚಿನ ಋತುವಿನಲ್ಲಿ ಮಿಂಚಿದ್ದ ಆಟಗಾರನೊಬ್ಬನಿಗೆ ‘ಗುದ್ದುವ ಟಗರು’ ಎಂಬ ಅಡ್ಡಹೆಸರಿತ್ತು, ಅಷ್ಟೇ. ಒರೆಗಾನ್ ವಿಶ್ವವಿದ್ಯಾಲಯವು 1947ರಲ್ಲಿ ಡೊನಾಲ್ಡ್ ಡಕ್ ಬಾತುಕೋಳಿಯ ರೂಪವನ್ನು ಬಳಸಲು ವಾಲ್ಟ್ ಡಿಸ್ನಿಯವರಿಂದಲೇ ಒಪ್ಪಿಗೆ ಪಡೆಯಿತು, ಅದೂ ಬರಿಯ ಕೈಕುಲುಕಿನ ಒಪ್ಪಂದದಿಂದ.

ಅಮೆರಿಕದಲ್ಲಿ ಕಾಲೇಜು ಕ್ರೀಡೆಯ ಗಾತ್ರವನ್ನು ನೆನಪಿನಲ್ಲಿಟ್ಟುಕೊಂಡರೆ ಇವೆಲ್ಲ ಅರ್ಥವಾಗುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣವೊಂದರಲ್ಲೇ 1,07,000ಕ್ಕೂ ಹೆಚ್ಚು ಜನ ಕೂರಬಹುದು. ಅಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಪ್ರತಿ ನಾಲ್ಕು ವರ್ಷಕ್ಕೆ ಆಟಗಾರರೆಲ್ಲ ಬದಲಾಗುವ ತಂಡವೊಂದಕ್ಕೆ ಹಳೆಯ ವಿದ್ಯಾರ್ಥಿಗಳು ಜೀವಮಾನವಿಡೀ ನಿಷ್ಠರಾಗಿರಬೇಕಾದರೆ ಬದಲಾಗದ ಮುಖವೊಂದು ಬೇಕು. ಆ ಮುಖ ನಾಯಿಯದಾದರೇನು, ಬಾತುಕೋಳಿಯದಾದರೇನು?

ಪ್ರಶ್ನೆ: ಹುಲಿ, ಸಿಂಹ ಸರಿ. ಒಂದು ವಿಶ್ವವಿದ್ಯಾಲಯದ ಮ್ಯಾಸ್ಕಾಟ್ ಗೊಂಡೆಹುಳವೆಂದೂ ಇನ್ನೊಂದರದ್ದು ಬೆಂಡೆಕಾಯಿಯೆಂದೂ ಓದಿದೆ. ಎದುರಾಳಿ ಹೆದರುವುದು ಹೇಗೆ? ಇವರಿಗೆ ತಲೆ ಸರಿಯಿದೆಯೇ?

ಉತ್ತರ: ನಮ್ಮ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯಕರವಾದ ಭಾಗ ಇದೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ ರೆಡ್‌ವುಡ್ ಮರಗಳ ಕಾಡಿನೊಳಗಿದೆ. ಆ ಕಾಡಿನ ಒದ್ದೆ ನೆಲದಲ್ಲಿ ಬಾಳೆಹಣ್ಣಿನಂತೆ ಹಳದಿಯಾದ, ಚಿಪ್ಪಿಲ್ಲದ, ಲೋಳೆ ಬಿಡುತ್ತ ತೆವಳುವ ‘ಬನಾನಾ ಸ್ಲಗ್’ ಹೇರಳವಾಗಿದೆ. 1965ರಲ್ಲಿ ಆರಂಭವಾದ ಈ ಕ್ಯಾಂಪಸ್ಸಿನಲ್ಲಿ ಅಬ್ಬರದ ಸ್ಪರ್ಧಾತ್ಮಕ ಕ್ರೀಡೆಗೆ ಮೊದಲಿನಿಂದಲೂ ಅಷ್ಟೇನೂ ಮರ್ಯಾದೆ ಇರಲಿಲ್ಲ. ಅದನ್ನು ಅಣಕಿಸಲೆಂದೇ ವಿದ್ಯಾರ್ಥಿಗಳು ಈ ನಿಧಾನಿಯನ್ನು ತಮ್ಮ ಮ್ಯಾಸ್ಕಾಟ್ ಎಂದು ಕರೆಯತೊಡಗಿದರು. ಮುಂದೆ ತಂಡಗಳು ಅಧಿಕೃತ ಅಂತರ ಕಾಲೇಜು ಪಂದ್ಯಗಳಿಗೆ ಹೊರಟಾಗ ಆಡಳಿತಕ್ಕೆ ಮುಜುಗರವಾಯಿತು, ‘ಸೀ ಲಯನ್’ ಎಂಬ ಗಂಭೀರವಾದ ಕಡಲಪ್ರಾಣಿಯನ್ನು ನಿಗದಿ ಮಾಡಲಾಯಿತು. ವಿದ್ಯಾರ್ಥಿಗಳು ಆ ಹೆಸರನ್ನು ಮೂಸಿಯೂ ನೋಡಲಿಲ್ಲ. ಪಂದ್ಯಗಳಲ್ಲಿ ಹುಳದ ಹೆಸರಿನಲ್ಲೇ ಜೈಕಾರ ಮುಂದುವರಿಯಿತು, ಕೊನೆಗೆ ಮತದಾನ ನಡೆದು ಭಾರೀ ಬಹುಮತದಿಂದ ಹುಳವೇ ಗೆದ್ದಿತು. 1986ರಲ್ಲಿ ಕುಲಪತಿ ರಾಬರ್ಟ್ ಸಿನ್‌ಶೈಮರ್ ಅದನ್ನು ಅಧಿಕೃತವೆಂದು ಒಪ್ಪಿಕೊಳ್ಳಬೇಕಾಯಿತು. ಅವರು ಸ್ವತಃ ಜೀವವಿಜ್ಞಾನಿ ಎಂಬುದು ಇಲ್ಲಿ ಹೇಳದಿದ್ದರೂ ನಡೆಯುತ್ತಿತ್ತು, ಆದರೆ ಹೇಳದೆ ಇರಲು ಮನಸ್ಸು ಬರಲಿಲ್ಲ.

ಬೆಂಡೆಕಾಯಿಯ ಕಥೆ ಮಿಸಿಸಿಪ್ಪಿ ರಾಜ್ಯದ ಡೆಲ್ಟಾ ಸ್ಟೇಟ್ ವಿಶ್ವವಿದ್ಯಾಲಯದ್ದು. ಅದರ ತಂಡಗಳ ಅಧಿಕೃತ ಹೆಸರು ‘ಸ್ಟೇಟ್ಸ್‌ಮೆನ್’, ಅಂದರೆ ರಾಜನೀತಿಜ್ಞರು. ಮುತ್ಸದ್ದಿಯೊಬ್ಬನನ್ನು ಕಂಡು ಯಾವ ಎದುರಾಳಿ ತಾನೇ ನಡುಗಿಯಾನು ಎಂಬುದು ವಿದ್ಯಾರ್ಥಿಗಳ ತಕರಾರು. ಬೆಂಡೆಕಾಯಿಯಾದರೋ ಹಸಿರು, ಮುಳ್ಳುರೋಮದ್ದು, ಹಿಡಿದರೆ ಜಾರುವಂಥದ್ದು. ಕೈಗಳಿಗೆ ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡು ಹುಬ್ಬು ಗಂಟಿಕ್ಕಿ ನಿಂತ ‘ಫೈಟಿಂಗ್ ಓಕ್ರಾ’ ಹೀಗೆ ಹುಟ್ಟಿತು. ಅಧಿಕೃತ ಮ್ಯಾಸ್ಕಾಟ್ ಇಂದಿಗೂ ಆ ಮುತ್ಸದ್ದಿಯೇ, ಜನರ ನಾಲಿಗೆಯ ಮೇಲಿರುವುದು ಮಾತ್ರ ಬೆಂಡೆಕಾಯಿ. ಅರಿಜೋನಾದ ಸ್ಕಾಟ್ಸ್‌ಡೇಲ್ ಕಮ್ಯುನಿಟಿ ಕಾಲೇಜಿನಲ್ಲಿ 1970ರ ದಶಕದಲ್ಲಿ ವಿದ್ಯಾರ್ಥಿಗಳು ಆರ್ಟಿಚೋಕ್ ಎಂಬ ತರಕಾರಿಯನ್ನು ಆರಿಸಿದ್ದು ನೇರವಾದ ಪ್ರತಿಭಟನೆಯಾಗಿ; ಆಡಳಿತವು ಓದಿಗಿಂತ ಕ್ರೀಡೆಗೆ ಹಣ ಸುರಿಯುತ್ತಿದೆ ಎಂಬುದು ಅವರ ಸಿಟ್ಟಾಗಿತ್ತು. ಸಿಟ್ಟು ಇಳಿದ ಮೇಲೂ ತರಕಾರಿ ಉಳಿಯಿತು.

ಸ್ಟ್ಯಾನ್‌ಫರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದಕ್ಕೆ ಅಧಿಕೃತ ಮ್ಯಾಸ್ಕಾಟ್ ಎಂಬುದೇ ಇಲ್ಲ. ತಂಡದ ಹೆಸರಾದ ‘ಕಾರ್ಡಿನಲ್’ ಎಂಬುದು ಒಂದು ಬಗೆಯ ಕೆಂಪು ಬಣ್ಣ, ಅಷ್ಟೇ. 1970ರ ದಶಕದ ನಡುವಿನಲ್ಲಿ ಹೊಸ ಹೆಸರು ಹುಡುಕುವಾಗ ವಿದ್ಯಾರ್ಥಿಗಳು ‘ರಾಬರ್ ಬ್ಯಾರನ್ಸ್’ ಎಂಬುದಕ್ಕೆ ಮತ ಹಾಕಿದ್ದರು. ವಿಶ್ವವಿದ್ಯಾಲಯವನ್ನು ಕಟ್ಟಿದ ಲೀಲಂಡ್ ಸ್ಟ್ಯಾನ್‌ಫರ್ಡ್ ರೈಲ್ವೆ ವ್ಯಾಪಾರದಲ್ಲಿ ಗಳಿಸಿದ ಸಿರಿಯನ್ನು ಕುಟುಕುವ ಆ ‘ದರೋಡೆಕೋರ ಧಣಿ’ಗಳನ್ನು ಆಡಳಿತ ಒಪ್ಪಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಇತ್ತ ವಿಶ್ವವಿದ್ಯಾಲಯದ ಮುದ್ರೆಯಲ್ಲಿರುವ ರೆಡ್‌ವುಡ್ ಮರದ ವೇಷವನ್ನು ವಾದ್ಯವೃಂದದವರು 1975ರಲ್ಲಿ ಮೈದಾನಕ್ಕೆ ತಂದರು, ಜನ ಅದನ್ನೇ ಮ್ಯಾಸ್ಕಾಟ್ ಎಂದು ಹಿಡಿದುಕೊಂಡರು. ಮರವಾಗಬೇಕೆನ್ನುವವರು ಏನೇನೋ ಹುಚ್ಚು ಸಾಹಸಗಳನ್ನು ಮಾಡಿ ತಮ್ಮ ಯೋಗ್ಯತೆ ತೋರಿಸಬೇಕು. ಆಯ್ಕೆಯಾದವರು ತಮ್ಮ ವೇಷವನ್ನು ತಾವೇ ಹೊಲಿದುಕೊಳ್ಳಬೇಕು. ಹಾಗಾಗಿ ಒಂದು ವರ್ಷದ ಮರ ಇನ್ನೊಂದು ವರ್ಷದ ಮರದಂತಿರುವುದಿಲ್ಲ.

ತಲೆ ಸರಿಯಿದೆಯೇ ಎಂದಿರಿ. ನಮಗೆ ಅನ್ನಿಸುವುದು ಇಷ್ಟು: ಮೇಲಿನವರು ಸಮಿತಿ ಮಾಡಿ ಕೊಟ್ಟ ಸಿಂಹಕ್ಕಿಂತ ವಿದ್ಯಾರ್ಥಿಗಳು ಜಗಳವಾಡಿ ಗಳಿಸಿಕೊಂಡ ಹುಳಕ್ಕೆ ಆಯುಷ್ಯ ಹೆಚ್ಚು. ಸಾಂಟಾ ಕ್ರೂಜ್‌ನವರಿಗೆ ಆ ಹುಳದ ಮೇಲಿರುವಷ್ಟು ಅಭಿಮಾನ ಹುಲಿಯಿಟ್ಟುಕೊಂಡ ಎಷ್ಟೋ ಕಾಲೇಜುಗಳಲ್ಲಿ ಕಾಣಸಿಗದು.

ಪ್ರಶ್ನೆ: ಜೀವಂತ ಹುಲಿ, ಕಾಡೆಮ್ಮೆಗಳನ್ನು ಲಕ್ಷ ಜನರ ಗದ್ದಲದ ನಡುವೆ ತಂದು ನಿಲ್ಲಿಸುವುದು ಹಿಂಸೆಯಲ್ಲವೇ? ಅಲ್ಲಿ ಯಾರೂ ಕೇಳುವುದಿಲ್ಲವೇ?

ಉತ್ತರ: ಕೇಳುತ್ತಾರೆ, ಮತ್ತು ಕೇಳಿದ್ದರಿಂದ ಕೆಲವೆಡೆ ಬದಲಾವಣೆಯೂ ಆಗಿದೆ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1936ರಿಂದ ‘ಮೈಕ್’ ಎಂಬ ಹೆಸರಿನ ಹುಲಿಗಳು ಒಂದರ ಹಿಂದೊಂದು ಬಂದಿವೆ. ಪಂದ್ಯದ ದಿನ ಚಕ್ರದ ಪಂಜರವನ್ನು ಎದುರಾಳಿ ತಂಡ ಮೈದಾನಕ್ಕೆ ಇಳಿಯುವ ದಾರಿಯ ಬಳಿಯೇ ನಿಲ್ಲಿಸಿ, ಹುಲಿ ಗರ್ಜಿಸಲೆಂದು ಪಂಜರವನ್ನು ಬಡಿಯುತ್ತಿದ್ದ ಕಾಲವೊಂದಿತ್ತು. 2005ರಲ್ಲಿ ಸುಮಾರು 15,000 ಚದರಡಿಯ, ಮರ, ಹುಲ್ಲು, ನೀರಿನ ಹೊಂಡಗಳಿರುವ ಆವರಣವನ್ನು ಕಟ್ಟಿದರು. ಪಶುವೈದ್ಯ ವಿಭಾಗದ ವಿದ್ಯಾರ್ಥಿಗಳು ಹುಲಿಯನ್ನು ನೋಡಿಕೊಳ್ಳುತ್ತಾರೆ. 2017ರಲ್ಲಿ ಏಳನೆಯ ಮೈಕ್ ಬಂದಾಗ, ಇನ್ನು ಮುಂದೆ ಹುಲಿಯನ್ನು ಕ್ರೀಡಾಂಗಣಕ್ಕೆ ಕರೆದೊಯ್ಯುವುದಿಲ್ಲವೆಂದು ವಿಶ್ವವಿದ್ಯಾಲಯ ತೀರ್ಮಾನಿಸಿತು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. 2024ರ ನವೆಂಬರಿನಲ್ಲಿ ಅಲಬಾಮಾ ವಿರುದ್ಧದ ಪಂದ್ಯಕ್ಕೆ ರಾಜ್ಯಪಾಲರ ಒತ್ತಾಸೆಯಿಂದ ಫ್ಲಾರಿಡಾದಿಂದ ಬೇರೆಯದೇ ಹುಲಿಯೊಂದನ್ನು ಪಂಜರದಲ್ಲಿ ತಂದು ಮೈದಾನದಲ್ಲಿ ತೋರಿಸಲಾಯಿತು. ಅದು ಅಗತ್ಯವಿರಲಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ತಂಡವೂ ಆ ದಿನ ಹೀನಾಯವಾಗಿ ಸೋತಿತು.

ಕೊಲರಾಡೊ ವಿಶ್ವವಿದ್ಯಾಲಯದ ಕಾಡೆಮ್ಮೆ ರಾಲ್ಫಿಯದು ಬೇರೆ ಬಗೆ. ಪಂದ್ಯದ ಆರಂಭಕ್ಕೆ ಹಾಗೂ ಎರಡನೆಯ ಅರ್ಧಕ್ಕೆ ಮುನ್ನ ಈ ಅಮೆರಿಕನ್ ಬೈಸನ್ ಮೈದಾನದಲ್ಲಿ ಕುದುರೆ ಲಾಳದ ಆಕಾರದಲ್ಲಿ ಓಡುತ್ತದೆ. ಹಗ್ಗ ಹಿಡಿದ ಐವರು ವಿದ್ಯಾರ್ಥಿಗಳು ಅದರ ಜೊತೆ ಓಡಬೇಕು. ಹೆಸರು ಗಂಡಿನದಾದರೂ ಈ ಕೆಲಸಕ್ಕೆ ಹೆಣ್ಣನ್ನೇ ಆರಿಸುತ್ತಾರೆ, ಏಕೆಂದರೆ ಗಂಡು ಬೈಸನ್ ಗಾತ್ರದಲ್ಲೂ ಮುಂಗೋಪದಲ್ಲೂ ದೊಡ್ಡದು. ಐದನೆಯ ರಾಲ್ಫಿ ವಿಪರೀತ ವೇಗವಾಗಿ ಓಡಿ ಹಿಡಿತಕ್ಕೆ ಸಿಗುತ್ತಿಲ್ಲವೆಂದು 2019ರಲ್ಲಿ ಅದನ್ನು ನಿವೃತ್ತಿಗೊಳಿಸಿದರು. ಆರನೆಯದನ್ನು 2025ರಲ್ಲಿ ನಿವೃತ್ತಿಗೊಳಿಸಿದ್ದು ಅದಕ್ಕೆ ಓಡುವುದರಲ್ಲಿ ಆಸಕ್ತಿಯೇ ಇಲ್ಲವೆಂಬ ಕಾರಣಕ್ಕೆ. ಪ್ರಾಣಿಯ ಇಷ್ಟಾನಿಷ್ಟವನ್ನು ಅಷ್ಟಾದರೂ ಕೇಳಿದರಲ್ಲ ಎಂದುಕೊಳ್ಳಬೇಕು.

ಎಲ್ಲವೂ ಇಷ್ಟು ಸಲೀಸಾಗಿ ನಡೆಯುವುದಿಲ್ಲ. 2019ರ ಜನವರಿ 1ರಂದು ಶುಗರ್ ಬೌಲ್ ಎಂಬ ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ಟೆಕ್ಸಾಸ್ ವಿಶ್ವವಿದ್ಯಾಲಯದ ಉದ್ದ ಕೊಂಬಿನ ಎತ್ತು ‘ಬೀವೋ’, ಜಾರ್ಜಿಯಾದ ಬುಲ್‌ಡಾಗ್ ‘ಅಗ್ಗಾ’ ಇದ್ದ ಕಡೆಗೆ ತಡೆಗೋಡೆ ಉರುಳಿಸಿ ನುಗ್ಗಿತು. ಛಾಯಾಗ್ರಾಹಕರು ಚೆಲ್ಲಾಪಿಲ್ಲಿಯಾದರು, ನಾಯಿಯನ್ನು ಪಕ್ಕಕ್ಕೆ ಎಳೆದುಕೊಂಡರು, ಅದೃಷ್ಟವಶಾತ್ ಅನಾಹುತವಾಗಲಿಲ್ಲ. ಮಿಷಿಗನ್‌ನವರು 1927ರ ಸುಮಾರಿಗೇ ಪಂಜರದಲ್ಲಿ ವುಲ್ವರೀನ್ ಎಂಬ ಕಾಡುಪ್ರಾಣಿಗಳನ್ನು ತಂದು ನೋಡಿ, ಬೆಳೆದಂತೆಲ್ಲ ಅವು ತೀರಾ ಉಗ್ರವಾದ್ದರಿಂದ ಆ ಸಹವಾಸವನ್ನೇ ಬಿಟ್ಟರು. ಬಹುತೇಕ ಕಾಲೇಜುಗಳಲ್ಲಿ ಈಗ ವೇಷ ತೊಟ್ಟ ಮನುಷ್ಯನೇ ಪ್ರಾಣಿ.

ಪ್ರಶ್ನೆ: ಆ ವೇಷದೊಳಗೆ ಇರುವವರು ಯಾರು? ಅವರಿಗೆ ಸಂಬಳವೇ?

ಉತ್ತರ: ಸಾಮಾನ್ಯವಾಗಿ ಪರೀಕ್ಷೆ ನಡೆಸಿ ಆರಿಸಿದ ವಿದ್ಯಾರ್ಥಿಗಳು. ಕೆಲವೆಡೆ ವಿದ್ಯಾರ್ಥಿವೇತನ ಸಿಗುತ್ತದೆ, ಹಲವೆಡೆ ಬೆವರಷ್ಟೇ ಸಿಗುತ್ತದೆ. ದಪ್ಪ ತುಪ್ಪಳದ ವೇಷದೊಳಗಿನ ಸೆಕೆ ಹೊರಗಿನವರ ಊಹೆಗೆ ನಿಲುಕದು. ವೇಷ ಹಾಕಿದ ಮೇಲೆ ಮಾತಾಡಬಾರದು, ಜನರೆದುರು ತಲೆ ಕಳಚಬಾರದು ಎಂಬ ಎರಡು ಕಟ್ಟಳೆಗಳು ಹೆಚ್ಚುಕಡಿಮೆ ಎಲ್ಲೆಡೆ ಇವೆ. ಅನೇಕ ಕಾಲೇಜುಗಳಲ್ಲಿ ಒಳಗಿರುವವರ ಗುರುತನ್ನು ಪದವಿ ಮುಗಿಯುವವರೆಗೆ ಗುಟ್ಟಾಗಿಡುತ್ತಾರೆ.

ಒರೆಗಾನ್ ಬಾತುಕೋಳಿಗೆ ಇನ್ನೊಂದು ಶಿಕ್ಷೆಯಿದೆ. ತನ್ನ ತಂಡ ಅಂಕ ಗಳಿಸಿದಾಗೆಲ್ಲ ಅದುವರೆಗಿನ ಒಟ್ಟು ಅಂಕಗಳಷ್ಟು ದಂಡ ಹೊಡೆಯಬೇಕು. ಮೊದಲು 7, ಆಮೇಲೆ 14, ಆಮೇಲೆ 21 ಎಂದು ಕೂಡಿಸುತ್ತ ಹೋದರೆ ತಂಡದ ಭರ್ಜರಿ ಗೆಲುವು ಬಾತುಕೋಳಿಯ ಸೊಂಟಕ್ಕೆ ಎಷ್ಟು ದುಬಾರಿಯೆಂಬುದು ತಿಳಿಯುತ್ತದೆ. 2007ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಕೂಗರ್ (ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ) ವೇಷಧಾರಿ ತಾನೂ ದಂಡ ಹೊಡೆದು ತನ್ನ ಈ ವಿದ್ಯೆಯನ್ನು ಅಣಕಿಸಿತೆಂದು ಬಾತುಕೋಳಿ ಅದರ ಮೇಲೆ ಬಿದ್ದು ಹೊಡೆದಾಡಿತು, ಮತ್ತು ಒಂದು ಪಂದ್ಯದ ಮಟ್ಟಿಗೆ ಅಮಾನತಾಯಿತು.

ಪ್ರಶ್ನೆ: ಅಮೆರಿಕದ ಮೂಲನಿವಾಸಿಗಳ ಹೆಸರು, ವೇಷಗಳನ್ನು ತಂಡಗಳು ಬಳಸುವುದು ನಿಷೇಧವಾಯಿತೆಂದು ಕೇಳಿದ್ದೆ. ಆದರೂ ಫ್ಲಾರಿಡಾದ ತಂಡವೊಂದು ಬಳಸುತ್ತಿದೆಯಲ್ಲ?

ಉತ್ತರ: ಪೂರ್ತಿ ನಿಷೇಧವೆಂದು ಹೇಳಲಾಗದು. ಸ್ಟ್ಯಾನ್‌ಫರ್ಡ್ ತನ್ನ ‘ಇಂಡಿಯನ್’ ಹೆಸರನ್ನು ಮೂಲನಿವಾಸಿ ವಿದ್ಯಾರ್ಥಿಗಳ ಮನವಿಯ ಮೇರೆಗೆ 1972ರಲ್ಲೇ ಕೈಬಿಟ್ಟಿತ್ತು. ಮೇಲೆ ಹೇಳಿದ ಮರದ ಕಥೆ ಹುಟ್ಟಿದ್ದೇ ಆ ತೆರವಿನಲ್ಲಿ. 2005ರ ಆಗಸ್ಟಿನಲ್ಲಿ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯು ಮೂಲನಿವಾಸಿಗಳಿಗೆ ಅವಮಾನಕರವೆನಿಸುವ ಹೆಸರು, ಚಿಹ್ನೆಗಳನ್ನು ಹೊಂದಿದ 18 ಕಾಲೇಜುಗಳನ್ನು ಗುರುತಿಸಿ, ತಾನು ನಡೆಸುವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಅವುಗಳನ್ನು ಪ್ರದರ್ಶಿಸುವಂತಿಲ್ಲವೆಂದಿತು. ಋತುವಿನ ಸಾಮಾನ್ಯ ಪಂದ್ಯಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಹೆಸರಿಗೆ ಸಂಬಂಧಪಟ್ಟ ಬುಡಕಟ್ಟೇ ಒಪ್ಪಿದರೆ ವಿನಾಯಿತಿ ದೊರೆಯಿತು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಫ್ಲಾರಿಡಾದ ಸೆಮಿನೋಲ್ ಬುಡಕಟ್ಟಿನವರು ಬಹಿರಂಗವಾಗಿ ಬೆಂಬಲ ಕೊಟ್ಟದ್ದರಿಂದ ಅದರ ‘ಸೆಮಿನೋಲ್ಸ್’ ಉಳಿಯಿತು. ಯೂಟಾ ವಿಶ್ವವಿದ್ಯಾಲಯದ ‘ಯೂಟ್ಸ್’ ಉಳಿದದ್ದೂ ಹೀಗೆಯೇ.

ಒಪ್ಪಿಗೆ ಸಿಗದ ಕಡೆ ಕಹಿಯಾದ ಜಗಳಗಳಾದವು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1926ರಿಂದ ಪಂದ್ಯದ ವಿರಾಮದ ವೇಳೆ ಗರಿಗಳ ಶಿರಸ್ತ್ರಾಣ ತೊಟ್ಟು ಕುಣಿಯುತ್ತಿದ್ದ ‘ಚೀಫ್ ಇಲಿನಿವೆಕ್’ ಎಂಬ ವೇಷ 2007ರಲ್ಲಿ ನಿಂತಿತು. ನಾರ್ತ್ ಡಕೋಟಾದಲ್ಲಂತೂ ‘ಫೈಟಿಂಗ್ ಸೂ’ (ಸೂ ಎಂಬುದು ಮೂಲನಿವಾಸಿಗಳ ಹೆಸರು) ಎಂಬ ಹೆಸರನ್ನು ಉಳಿಸಲು ರಾಜ್ಯದ ಶಾಸನವನ್ನೇ ಮಾಡಿ, ಮತ್ತೆ ಅದನ್ನು ಹಿಂತೆಗೆದು, 2012ರಲ್ಲಿ ರಾಜ್ಯದ ಮತದಾರರ ಮುಂದಿಟ್ಟು, ಹೆಸರನ್ನು ಬಿಡಬಹುದೆಂಬ ತೀರ್ಪು ಪಡೆದರು. ಹೊಸ ಹೆಸರು ‘ಫೈಟಿಂಗ್ ಹಾಕ್ಸ್’ ಆಯ್ಕೆಯಾದದ್ದು 2015ರಲ್ಲಿ. ಹಳೆಯ ವಿದ್ಯಾರ್ಥಿಗಳು ಇದನ್ನು ಗೌರವವೆಂದೇ ವಾದಿಸಿದರು. ಗೌರವವೋ ಅಲ್ಲವೋ ಎಂದು ಹೇಳಬೇಕಾದವರು ಗೌರವಿಸಿಕೊಳ್ಳುವವರೇ ಹೊರತು ಚಪ್ಪಾಳೆ ತಟ್ಟುವವರಲ್ಲ. ಆ ಲೆಕ್ಕದಲ್ಲಿ ಬುಡಕಟ್ಟಿನ ಒಪ್ಪಿಗೆಯನ್ನೇ ಅಳತೆಗೋಲು ಮಾಡಿದ್ದು ನ್ಯಾಯವಾಗಿ ಕಾಣುತ್ತದೆ.

ಪ್ರಶ್ನೆ: ಎದುರಾಳಿಯ ಮ್ಯಾಸ್ಕಾಟನ್ನು ಕದಿಯುವುದೂ ಒಂದು ಸಂಪ್ರದಾಯವಂತೆ, ಹೌದೇ?

ಉತ್ತರ: ಹೌದು. ಭೂಸೇನಾ ಅಕಾಡೆಮಿಯ ಮ್ಯಾಸ್ಕಾಟ್ ಹೇಸರಗತ್ತೆ, ನೌಕಾ ಅಕಾಡೆಮಿಯದು ‘ಬಿಲ್’ ಎಂಬ ಹೋತ. 1890ರಿಂದ ನಡೆದಿರುವ ಇವರಿಬ್ಬರ ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ಹೋತದ ಅಪಹರಣ ಹಲವು ಸಲ ಆಗಿದೆ. ಹಿರಿಯ ಅಧಿಕಾರಿಗಳು ಎಷ್ಟೇ ಕಟ್ಟಪ್ಪಣೆ ಮಾಡಿದರೂ ಪ್ರಯೋಜನವಾಗಿಲ್ಲ. 2021ರಲ್ಲಿ ಭೂಸೇನೆಯ ಕೆಡೆಟ್‌ಗಳು ರಾತ್ರಿ ಹೊಲಕ್ಕೆ ನುಗ್ಗಿ ಹಿಡಿದು ತಂದದ್ದು ಸೇವೆಯಲ್ಲಿದ್ದ ಹೋತವನ್ನಲ್ಲ, ಒಂದೇ ಕೊಂಬಿನ, ಸಂಧಿವಾತದ, ನಿವೃತ್ತ ಮುದಿ ಹೋತವನ್ನು. ಭಾವೀ ಸೇನಾಧಿಕಾರಿಗಳ ಬೇಹುಗಾರಿಕೆಯ ಬಗ್ಗೆ ಇದು ಒಳ್ಳೆಯ ಮಾತು ಹೇಳುವುದಿಲ್ಲ.

ಟೆಕ್ಸಾಸಿನಲ್ಲಿ ನಡೆದದ್ದು ಇನ್ನೂ ಒರಟು. 1915ರಲ್ಲಿ ತಾವು 13-0 ಅಂತರದಿಂದ ಗೆದ್ದದ್ದನ್ನು ಎದುರಾಳಿ ಮರೆಯಬಾರದೆಂದು ಎ ಅಂಡ್ ಎಂ ಹುಡುಗರು 1917ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಬೀವೋ ಎತ್ತಿನ ಮೈಮೇಲೆ ಆ ಅಂಕಗಳ ಬರೆ ಹಾಕಿ ಓಡಿದರು. ಸಾಕುವ ಖರ್ಚು ಹೆಚ್ಚಾದ್ದರಿಂದ 1920ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ಅದೇ ಎತ್ತನ್ನು ತಂಡದ ಔತಣಕ್ಕೆ ಅಡುಗೆ ಮಾಡಿದರು. ಎ ಅಂಡ್ ಎಂನವರನ್ನೂ ಊಟಕ್ಕೆ ಕರೆದು ಬರೆ ಬಿದ್ದಿದ್ದ ಪಕ್ಕವನ್ನೇ ಬಡಿಸಿದರು.

ಪ್ರಶ್ನೆ: ಇಂಥ ಸಂಪ್ರದಾಯಗಳಿಂದ ಅಪಾಯವಾದದ್ದಿಲ್ಲವೇ? ಮಗಳನ್ನು ಅಲ್ಲಿಗೆ ಓದಲು ಕಳುಹಿಸಲಿರುವ ತಾಯಿಯಾಗಿ ಕೇಳುತ್ತಿದ್ದೇನೆ.

ಉತ್ತರ: ಆಗಿದೆ. ಟೆಕ್ಸಾಸ್ ಎ ಅಂಡ್ ಎಂನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯಕ್ಕೆ ಮುನ್ನ ಬೃಹತ್ ದೀವಟಿಗೆಯಂತೆ ಮರದ ದಿಮ್ಮಿಗಳ ರಾಶಿ ಕಟ್ಟಿ ಸುಡುವ ಪದ್ಧತಿಯಿತ್ತು. ಕಾಡಿನಲ್ಲಿ ಮರ ಕಡಿಯುವುದರಿಂದ ಹಿಡಿದು ಅಂತಸ್ತಿನ ಮೇಲೆ ಅಂತಸ್ತು ನಿಲ್ಲಿಸುವವರೆಗೆ ಎಲ್ಲವನ್ನೂ ವಿದ್ಯಾರ್ಥಿಗಳೇ ಮಾಡುತ್ತಿದ್ದರು. ಹೇಗೆ ಕಟ್ಟಬೇಕೆಂಬುದು ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಬರುತ್ತಿತ್ತು. 1999ರ ನವೆಂಬರ್ 18ರ ನಸುಕಿನಲ್ಲಿ, ಕೆಲಸ ನಡೆಯುತ್ತಿದ್ದಾಗಲೇ, ಸುಮಾರು 5,000 ದಿಮ್ಮಿಗಳ ಆ ರಾಶಿ ಕುಸಿದು 12 ಜನ ಸತ್ತರು, 27 ಜನ ಗಾಯಗೊಂಡರು. ತನಿಖಾ ಆಯೋಗವು ರಾಶಿಯ ಕಟ್ಟಡದೊಳಗಿನ ಒತ್ತಡ ತಡೆಯುವ ಬಿಗಿಗಟ್ಟು ಸಾಲದಾಗಿತ್ತೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ, ಇಷ್ಟು ದೊಡ್ಡ ರಚನೆಗೆ ಎಂಜಿನಿಯರುಗಳ ಮೇಲ್ವಿಚಾರಣೆಯೇ ಇಲ್ಲದಂತೆ ವರ್ಷಗಟ್ಟಲೆ ಬಿಟ್ಟದ್ದನ್ನೂ ಎತ್ತಿ ತೋರಿಸಿತು. ಎಂಜಿನಿಯರಿಂಗ್‌ಗೆ ಹೆಸರಾದ ವಿಶ್ವವಿದ್ಯಾಲಯದಲ್ಲಿ ಹೀಗಾಯಿತೆಂಬುದು ಇನ್ನಷ್ಟು ನೋವಿನ ಸಂಗತಿ. ಕ್ಯಾಂಪಸ್ಸಿನಲ್ಲಿ ಆ ಪದ್ಧತಿ ಅಲ್ಲಿಗೇ ನಿಂತಿತು.

ನಿಮ್ಮ ಮಗಳಿಗೆ ಹೇಳಬೇಕಾದದ್ದು ಸರಳ. ಪಂದ್ಯ ನೋಡುವುದು, ಕೂಗುವುದು, ವೇಷ ಹಾಕುವುದು ಖುಷಿಯ ಸಂಗತಿಗಳು. ಆದರೆ ಹಿರಿಯ ವಿದ್ಯಾರ್ಥಿಗಳು ‘ಇದು ನಮ್ಮ ಸಂಪ್ರದಾಯ’ ಎಂದು ಹೇಳಿ ಕುಡಿಯಲು, ಎತ್ತರ ಹತ್ತಲು, ನಿದ್ದೆಗೆಡಲು ಒತ್ತಾಯಿಸಿದರೆ ಒಲ್ಲೆ ಎನ್ನುವ ಹಕ್ಕು ಆಕೆಗಿದೆ. ಹೊಸಬರನ್ನು ಹೀಗೆ ಪೀಡಿಸುವುದರ ವಿರುದ್ಧ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಾನೂನಿದೆ, ವಿಶ್ವವಿದ್ಯಾಲಯಗಳಲ್ಲಿ ದೂರು ಕೊಡುವ ವ್ಯವಸ್ಥೆಯೂ ಇದೆ.

ಪ್ರಶ್ನೆ: ಕ್ರೀಡೆಗೆ ಸಂಬಂಧಿಸದ ವಿಚಿತ್ರ ಸಂಪ್ರದಾಯಗಳೂ ಇವೆಯೇ? ಒಂದೆರಡನ್ನು ತಿಳಿಸಿ.

ಉತ್ತರ: ಒಂದನ್ನು ವಿಸ್ತಾರವಾಗಿ ಹೇಳುವುದೇ ಮೇಲು. 1958ರ ಅಕ್ಟೋಬರಿನ ಒಂದು ರಾತ್ರಿ ಎಂಐಟಿಯ (ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯ) ವಿದ್ಯಾರ್ಥಿ ಸಂಘವೊಂದು ತನ್ನ ಹೊಸ ಸದಸ್ಯರಿಗೆ ಚಾರ್ಲ್ಸ್ ನದಿಯ ಹಾರ್ವರ್ಡ್ ಸೇತುವೆಯನ್ನು ಅಳೆಯುವ ಕೆಲಸ ಕೊಟ್ಟಿತು. ಅಳತೆಗೋಲು ಅವರಲ್ಲೇ ಗಿಡ್ಡನಾದ, 5 ಅಡಿ 7 ಅಂಗುಲದ ಆಲಿವರ್ ಸ್ಮೂಟ್. ಅವನು ಮಲಗುವುದು, ತಲೆಯ ಬಳಿ ಗುರುತು ಹಾಕುವುದು, ಎದ್ದು ಆ ಗುರುತಿಗೆ ಕಾಲಿಟ್ಟು ಮತ್ತೆ ಮಲಗುವುದು. ಸ್ವಲ್ಪ ಹೊತ್ತಿಗೆ ಅವನು ಸುಸ್ತಾದ್ದರಿಂದ ಉಳಿದವರು ಅವನನ್ನು ಎತ್ತಿ ಎತ್ತಿ ಇಡಬೇಕಾಯಿತು. ಸೇತುವೆಯ ಉದ್ದ 364.4 ಸ್ಮೂಟ್, ಒಂದು ಕಿವಿಯಷ್ಟು ಹೆಚ್ಚುಕಡಿಮೆ ಎಂದು ಬರೆದಿಟ್ಟರು. ಆ ಬಣ್ಣದ ಗುರುತುಗಳನ್ನು ಸಂಘದ ಹೊಸ ತಲೆಮಾರುಗಳು ಇಂದಿಗೂ ಬಳಿಯುತ್ತ ಬಂದಿವೆ. ಅಪಘಾತ ನಡೆದ ಜಾಗವನ್ನು ಹೇಳಲು ಪೊಲೀಸರಿಗೂ ಅವು ಅನುಕೂಲವಾದವು. 1980ರ ದಶಕದ ಕೊನೆಯಲ್ಲಿ ಸೇತುವೆಯನ್ನು ನವೀಕರಿಸಿದಾಗ ಕಾಲುದಾರಿಯ ಕಾಂಕ್ರೀಟಿನ ಗೀಟುಗಳನ್ನು ವಾಡಿಕೆಯ ಆರಡಿಗೆ ಬದಲು ಒಂದು ಸ್ಮೂಟ್ ಅಂತರದಲ್ಲಿ ಕೊರೆದರು. ಆ ಸ್ಮೂಟ್ ಮುಂದೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಅಧ್ಯಕ್ಷರಾದರು ಎಂಬುದು ಕಟ್ಟುಕಥೆಯಲ್ಲ.

ಟಫ್ಟ್ಸ್ ವಿಶ್ವವಿದ್ಯಾಲಯದ ‘ಜಂಬೋ’ ಇದಕ್ಕೆ ತಕ್ಕ ಜೋಡಿ. ಸರ್ಕಸ್ ಧಣಿ ಪಿ. ಟಿ. ಬಾರ್ನಮ್ ಅವರ ಆನೆ ಜಂಬೋ 1885ರಲ್ಲಿ ಕೆನಡಾದಲ್ಲಿ ರೈಲಿಗೆ ಸಿಕ್ಕಿ ಸತ್ತಿತು. ಹುಲ್ಲು ತುಂಬಿದ ಅದರ ಚರ್ಮವನ್ನು ಬಾರ್ನಮ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಪರೀಕ್ಷೆಗೆ ಮುನ್ನ ಅದರ ಸೊಂಡಿಲಿನಲ್ಲಿ ನಾಣ್ಯವಿಟ್ಟರೆ ಒಳ್ಳೆಯದಾಗುತ್ತದೆಂದು ವಿದ್ಯಾರ್ಥಿಗಳು ನಂಬಿದ್ದರು. 1975ರ ಬೆಂಕಿಯಲ್ಲಿ ಕಟ್ಟಡದ ಜೊತೆ ಅದೂ ಸುಟ್ಟುಹೋಯಿತು. ಸಿಬ್ಬಂದಿಯೊಬ್ಬರು ಬೂದಿಯನ್ನು ಕಡಲೆಕಾಯಿ ಬೆಣ್ಣೆಯ ಖಾಲಿ ಡಬ್ಬಿಯಲ್ಲಿ ತುಂಬಿಟ್ಟರು. ಆ ಡಬ್ಬಿ ಕ್ರೀಡಾ ವಿಭಾಗದ ಕಚೇರಿಯಲ್ಲಿದ್ದು, ಪಂದ್ಯಕ್ಕೆ ಮುನ್ನ ಆಟಗಾರರು ಅದನ್ನು ಮುಟ್ಟುವ ವಾಡಿಕೆ ಬೆಳೆಯಿತು. ಹಾಗಾಗಿ ಕ್ರೀಡೆಗೆ ಸಂಬಂಧಿಸದ್ದೆಂದು ಹೊರಟರೂ ಮತ್ತೆ ಮೈದಾನಕ್ಕೇ ಬಂದಂತಾಯಿತು.

ಪ್ರಶ್ನೆ: ಇಲ್ಲದ ವಿದ್ಯಾರ್ಥಿಯೊಬ್ಬನಿಗೆ ಪದವಿ ಕೊಟ್ಟ ಕಾಲೇಜು ಯಾವುದು?

ಉತ್ತರ: ಜಾರ್ಜಿಯಾ ಟೆಕ್. 1927ರಲ್ಲಿ ಪ್ರವೇಶ ಬಯಸಿದ ವಿದ್ಯಾರ್ಥಿಯೊಬ್ಬನಿಗೆ ಕಚೇರಿಯವರು ಅಪ್ಪಿತಪ್ಪಿ ಎರಡು ಅರ್ಜಿ ಕಳುಹಿಸಿದರು. ಒಂದನ್ನು ತನಗಾಗಿ ತುಂಬಿ, ಇನ್ನೊಂದನ್ನು ಜಾರ್ಜ್ ಪಿ. ಬರ್ಡೆಲ್ ಎಂಬ ಕಾಲ್ಪನಿಕ ಹೆಸರಿನಲ್ಲಿ ತುಂಬಿ ಕಳುಹಿಸಿದ. ಇಬ್ಬರಿಗೂ ಪ್ರವೇಶ ಸಿಕ್ಕಿತು. ಬರ್ಡೆಲ್‌ನ ಮನೆಪಾಠ, ಪರೀಕ್ಷೆಗಳನ್ನೂ ಆತನೇ ಬರೆಯುತ್ತಿದ್ದ. ಸಿಕ್ಕಿಬೀಳದಿರಲು ಉತ್ತರಗಳ ಧಾಟಿಯನ್ನು ಸ್ವಲ್ಪ ಬದಲಿಸುತ್ತಿದ್ದ. ಹೀಗೆ ಬರ್ಡೆಲ್ ಪದವೀಧರನೂ ಆದ. 1969ರಲ್ಲಿ ಕಾಲೇಜು ಪ್ರವೇಶ ನೋಂದಣಿಯನ್ನು ಕಂಪ್ಯೂಟರಿಗೆ ಒಪ್ಪಿಸಿ, ಇನ್ನು ಇಂಥ ಕಿತಾಪತಿಗೆ ಅವಕಾಶವಿಲ್ಲವೆಂದು ನಿಟ್ಟುಸಿರುಬಿಟ್ಟಿತು. ಆ ಅವಧಿಯಲ್ಲಿ ಕಾಲೇಜಿನಲ್ಲಿದ್ದ ಪ್ರತಿಯೊಂದು ಕೋರ್ಸಿಗೂ ಬರ್ಡೆಲ್‌ನ ಹೆಸರು ನೋಂದಣಿಯಾಗಿತ್ತು.